ಜೋಡಿ ಸೈಕಲ್ಲಿನ ಲೆಕ್ಕ

ಭಾನುವಾರ ಬೆಳಗ್ಗೆ ನಮ್ಮನೇಲಿ ಮೊದಲ ಮಾತು "ಕೈ ಹೇಗಿದೆ?" ಅನ್ನೋದು. ನನ್ನ ಹೆಂಡತಿ ಎರಡೂ ಮುಷ್ಟಿ ಮುಚ್ಚಿ ನೋಡ್ತಾಳೆ. ಪೂರ್ತಿ ಮುಚ್ಚಿದರೆ ಸೈಕಲ್ ಹೊರಗೆ ಬರುತ್ತೆ. ಅರ್ಧಕ್ಕೇ ನಿಂತರೆ ಇನ್ನೊಂದು ಲೋಟ ಕಾಫಿ, ಸೈಕಲ್ ಪಾರ್ಕಿಂಗ್‌ನಲ್ಲೇ.

ಅವಳಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಮೈ ಕಾಯಬೇಕಾದ ವ್ಯವಸ್ಥೆಯೇ ಕೀಲುಗಳ ಮೇಲೆ ಬೀಳೋ ಕಾಯಿಲೆ. ಊರಲ್ಲಿ ಹೇಳಿದ್ರೆ "ಈ ವಯಸ್ಸಿಗೇ ವಾತನಾ?" ಅಂತಾರೆ. ಆಫೀಸಲ್ಲಿ ಹೇಳಿದ್ರೆ ಅರಿಶಿನದ ಹಾಲಿನ ವಿಡಿಯೋ ಕಳಿಸ್ತಾರೆ.

ಯಲಹಂಕದಲ್ಲಿ ಸೈಕಲ್ ಅಂದ್ರೆ ನಂದಿ ಬೆಟ್ಟ. ನಸುಕಿಗೇ ಬಳ್ಳಾರಿ ರೋಡಲ್ಲಿ ಹೆಲ್ಮೆಟ್ಟುಗಳ ಸಾಲು ಹೊರಡುತ್ತೆ. ನಾನೂ ಅದರಲ್ಲಿದ್ದವನೇ, ಸ್ಟ್ರಾವಾದಲ್ಲಿ ಸೆಕೆಂಡು ಎಣಿಸಿದವನೇ. ಇವಳ ಕಾಯಿಲೆ ಗೊತ್ತಾದ ಮೇಲೆ ಸೆಕೆಂಡ್ ಹ್ಯಾಂಡಲ್ಲಿ ಒಂದು ಟ್ಯಾಂಡೆಮ್ ತಗೊಂಡೆ. ಇಬ್ಬರು ಹಿಂದೆ ಮುಂದೆ ಕೂತು ತುಳಿಯೋ ಸೈಕಲ್. "ನೀನು ಸುಮ್ಮನೆ ಕಾಲಿಟ್ಕೊಂಡಿರು, ನಾನು ತುಳೀತೀನಿ" ಅಂದೆ. ಮೊದಲ ದಿನವೇ ಜಕ್ಕೂರು ಕೆರೆವರೆಗೆ ಹೋಗಿ ಬಂದ್ವಿ. ಮಾರನೇ ದಿನ ಅವಳ ಮಂಡಿ ಊದಿ ಹಾಸಿಗೆ ಹಿಡಿದಳು. ನೋವಿಗಿಂತ ಸಿಟ್ಟು ಜಾಸ್ತಿ ಇತ್ತು.

"ರೀ, ನನ್ನನ್ನ ಮೂಟೆ ಥರ ಹೊತ್ಕೊಂಡು ಹೋಗೋದಾದ್ರೆ ಸೈಕಲ್ಲೇ ಬೇಡ. ನಾನು ಎಂಟನೇ ಕ್ಲಾಸಿಂದ ಸೈಕಲ್ ತುಳಿದವಳು."

ಈ ಮಾತಿಗೆ ಒಂದು ಚರಿತ್ರೆ ಇದೆ. ನಮ್ಮಮ್ಮನ ಕಾಲದಲ್ಲಿ ಹಳ್ಳಿ ಹೆಂಗಸರಿಗೆ ಸೈಕಲ್ ಅಂದ್ರೆ ಕ್ಯಾರಿಯರ್. ಅಪ್ಪ ತುಳಿಯೋದು, ಅಮ್ಮ ಹಿಂದೆ ಒಂದು ಪಕ್ಕಕ್ಕೆ ಕೂರೋದು. ಪೇಟೆ ಹತ್ತಿರ ಬಂದ್ರೆ ಇಳಿದು ನಡೆಯೋದು, ಯಾಕಂದ್ರೆ ಡಬಲ್ ರೈಡಿಂಗ್‌ಗೆ ಪೊಲೀಸರು ಹಿಡೀತಿದ್ರು. ಅಮ್ಮ ಒಂದು ಸಲವೂ ಪೆಡಲ್ ಮೇಲೆ ಕಾಲಿಟ್ಟಿಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತವಾಗಿ ಸೈಕಲ್ ಕೊಡೋಕೆ ಶುರು ಮಾಡಿತು. ಹೈಸ್ಕೂಲು ದೂರ ಅಂತ ಏಳಕ್ಕೇ ಓದು ಬಿಡಿಸ್ತಿದ್ದ ಊರುಗಳಿಂದ ಹುಡುಗಿಯರು ಸಾಲಾಗಿ ಪೆಡಲ್ ತುಳೀತಾ ಹೊರಟರು. ಇವಳು ಆ ಮೊದಲ ವರ್ಷದವಳು. ಕೊರಟಗೆರೆ ಕಡೆಯ ಹಳ್ಳಿಯಿಂದ ದಿನಾ ಆರು ಕಿಲೋಮೀಟರ್ ತುಳಿದು ಹೈಸ್ಕೂಲು ಮುಗಿಸಿದಳು. ಅಂಥವಳನ್ನ ನಾನು ಮತ್ತೆ ಕ್ಯಾರಿಯರ್ ಮೇಲೆ ಕೂರಿಸಿದ್ದೆ, ಅಷ್ಟೆ.

ತಪ್ಪು ಮಾಡಿದ ಎಂಜಿನಿಯರ್ ರಾತ್ರಿ ಏನು ಮಾಡ್ತಾನೆ? ಹುಡುಕ್ತಾನೆ. ಹುಡುಕ್ತಾ ಹೋದಾಗ ನನಗೆ ಗೊತ್ತಿದ್ದ ಸೈಕಲ್ ಚರಿತ್ರೆ, ಅಂದ್ರೆ ರೇಸು, ದಾಖಲೆ, ವೇಗ, ಅರ್ಧ ಕಥೆ ಮಾತ್ರ ಅನ್ನಿಸ್ತು.

1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಹತ್ತಿರದ ಆಲ್ಟ್‌ಡಾರ್ಫ್‌ನಲ್ಲಿ ಸ್ಟೀಫನ್ ಫಾರ್ಫ್ಲರ್ ಅನ್ನೋ ಗಡಿಯಾರ ಮಾಡುವವನಿದ್ದ. ನಡೆಯೋಕೆ ಆಗ್ತಿರಲಿಲ್ಲ. ಕೈಯಲ್ಲಿ ತಿರುಗಿಸುವ ಹಿಡಿಕೆ, ಹಲ್ಲುಚಕ್ರ, ಮೂರು ಗಾಲಿ ಸೇರಿಸಿ ತನಗೆ ತಾನೇ ಗಾಡಿ ಮಾಡಿಕೊಂಡ. ನಮ್ಮೂರ ಜಾತ್ರೆಯಲ್ಲಿ ಕೈಯಿಂದ ತಿರುಗಿಸೋ ಮೂರು ಗಾಲಿ ಸೈಕಲ್ ನೋಡಿರ್ತೀರಲ್ಲ, ಅದರ ಮುತ್ತಾತ. ಪೆಡಲ್ ಇರೋ ಬೈಸಿಕಲ್ ಬರೋಕೆ ಇನ್ನೂ ಇನ್ನೂರು ವರ್ಷ ಇತ್ತು.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ ಹೊಲಿಗೆ ಮೆಷಿನ್ ಕೆಲಸದಿಂದ ಸೈಕಲ್ಲಿಗೆ ಬಂದವನು. ಇಬ್ಬರು ಅಕ್ಕಪಕ್ಕ ಕೂತು ತುಳಿಯೋ ಗಾಡಿ ಮಾಡಿದ್ದ. ಒಬ್ಬೊಬ್ಬರಿಗೆ ಒಂದೊಂದು ಚಕ್ರ. ಒಂದು ದಿನ ಮಗನ ಜೊತೆ ಹೊರಟನಂತೆ. ಮಗನಿಗೆ ವಯಸ್ಸು, ಅಪ್ಪನಿಗೆ ಸುಸ್ತು. ಮಗನ ಕಡೆ ಚಕ್ರ ಜೋರಾಗಿ ತಿರುಗಿ, ಗಾಡಿ ಅಪ್ಪನ ಕಡೆಗೇ ತಿರುಗಿ, ಇಬ್ಬರೂ ರಸ್ತೆ ಪಕ್ಕದ ತುರಿಕೆ ಗಿಡದ ಪೊದೆಗೆ ಬಿದ್ದರಂತೆ. 1877ರಲ್ಲಿ ಅವನು ಮೂರು ಗಾಲಿ ಸೈಕಲ್ಲಿಗೆ ಡಿಫರೆನ್ಷಿಯಲ್ ಗೇರ್ ತಂದ. ಆ ತತ್ವಕ್ಕೆ ಫ್ರಾನ್ಸಿನಲ್ಲಿ 1820ರ ದಶಕದಲ್ಲೇ ಪೇಟೆಂಟ್ ಇತ್ತು. ಸ್ಟಾರ್ಲಿ ಅದನ್ನ ಕಾಲಿನ ಗಾಡಿಗೆ ಹಾಕಿದ. ತುಳಿದ ಬಲ ಎರಡೂ ಚಕ್ರಕ್ಕೆ ಸಮನಾಗಿ ಹಂಚಿಕೆ ಆಗುತ್ತೆ, ಆದ್ರೆ ಚಕ್ರಗಳು ತಮಗೆ ಬೇಕಾದ ವೇಗದಲ್ಲಿ ತಿರುಗಬಹುದು. ನೀವು ಆಫೀಸಿಗೆ ಹೋಗೋ ಕ್ಯಾಬು, ಬಿಎಂಟಿಸಿ ಬಸ್ಸು ಹೆಬ್ಬಾಳದ ತಿರುವಿನಲ್ಲಿ ಜಾರದೆ ತಿರುಗೋದು ಇದೇ ತತ್ವದಿಂದ.

ಹನ್ನೊಂದು ವರ್ಷದ ನಂತರ, 1888ರಲ್ಲಿ, ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಮೊದಲು ಹಾಕಿದ್ದು ರೇಸ್ ಸೈಕಲ್ಲಿಗಲ್ಲ, ತನ್ನ ಪುಟ್ಟ ಮಗನ ಮೂರು ಗಾಲಿ ಸೈಕಲ್ಲಿಗೆ.

ನಡೆಯಲಾಗದವನು, ಸುಸ್ತಾದ ಅಪ್ಪ, ಕಲ್ಲು ರಸ್ತೆಯ ಮಗು. ಇವರಿಗೆ ಹೊಂದಲಿ ಅಂತ ಯಂತ್ರವನ್ನೇ ಬದಲಾಯಿಸಿದ್ರು. ಮೆಲ್ಲಗೆ ಹೋಗುವವರು ಸೈಕಲ್ ಚರಿತ್ರೆಯಲ್ಲಿ ಹಿಂದೆ ಉಳಿದವರಲ್ಲ, ಅದರ ಅರ್ಧ ಭಾಗ ಅವರಿಂದಲೇ ಆಗಿದ್ದು.

ಆಮೇಲೆ ನನ್ನ ಟ್ಯಾಂಡೆಮ್ ಕಡೆ ನೋಡಿದೆ. ಮುಂದಿನ ಪೆಡಲ್ಲಿಗೂ ಹಿಂದಿನ ಪೆಡಲ್ಲಿಗೂ ಒಂದೇ ಚೈನು. ನಾನು ನಿಮಿಷಕ್ಕೆ ಎಂಬತ್ತು ಸುತ್ತು ತುಳಿದರೆ ಅವಳ ಮಂಡಿಯೂ ಎಂಬತ್ತು ಸಲ ಮಡಚಲೇಬೇಕು. "ಸುಮ್ಮನೆ ಕಾಲಿಟ್ಕೊಂಡಿರು" ಅಂದಿದ್ದು ಶುದ್ಧ ಸುಳ್ಳು. ಈ ಯಂತ್ರದಲ್ಲಿ ಬಲ ಹೆಚ್ಚು ಕಡಿಮೆ ಹಾಕಬಹುದು, ವೇಗ ಮಾತ್ರ ಇಬ್ಬರಿಗೂ ಒಂದೇ. ಹಾಗಾದ್ರೆ ಆ ವೇಗ ಯಾರದಾಗಿರಬೇಕು? ಕೋಡ್ ಬರೆಯೋರಿಗೆ ಗೊತ್ತಿರೋ ಪಾಠವೇ. ಸಿಸ್ಟಮ್ಮಿನ ವೇಗವನ್ನ ಅದರ ಅತಿ ನಿಧಾನದ ಭಾಗ ತೀರ್ಮಾನ ಮಾಡುತ್ತೆ. ನಾನು ಮನೇಲಿ ಮರೆತಿದ್ದೆ.

ಈಗ ವೇಗ ಅವಳದು, ಬಲ ನನ್ನದು. ಹಗುರ ಗೇರು, ನಿಮಿಷಕ್ಕೆ ಐವತ್ತು ಸುತ್ತು. ಬ್ರೇಕು, ಗೇರು ಎಲ್ಲ ಮುಂದೆ ಇರೋದ್ರಿಂದ ಅವಳ ಬೆರಳಿಗೆ ಕೆಲಸ ಇಲ್ಲ. ಹ್ಯಾಂಡಲ್ಲಿಗೆ ದಪ್ಪ ಸ್ಪಂಜು ಸುತ್ತಿದೀವಿ. ಬೆಲ್ಲು ಹಿಂದೆ, ಅವಳ ಹತ್ತಿರ. ಒಂದು ಸಲ ಹೊಡೆದರೆ ನಿಧಾನ, ಎರಡು ಸಲ ಹೊಡೆದರೆ ನಿಲ್ಲಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ.

ಅಂದ ಹಾಗೆ, 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಒಂದು ಐಬಿಎಂ ಕಂಪ್ಯೂಟರ್ ಬಾಯಿಬಿಟ್ಟು ಹಾಡಿತು. ಕಂಪ್ಯೂಟರೊಂದು ಹಾಡಿದ ಮೊದಲ ಹಾಡು ಅಂತ ಅದಕ್ಕೆ ಹೆಸರು. ಹಾಡು 1892ರ 'ಡೈಸಿ ಬೆಲ್'. ಅದರಲ್ಲಿ ಹುಡುಗ ಹುಡುಗಿಗೆ ಕೊಡೋ ಆಸೆ ಬಂಗಾರದ್ದಲ್ಲ, ಇಬ್ಬರು ತುಳಿಯೋ ಸೈಕಲ್ಲಿನದು. ಇದನ್ನ ಹೇಳಿದಾಗ ಇವಳು "ಆ ಹುಡುಗ ಮೊದಲು ಗೇರ್ ನೋಡ್ಕೊಳ್ಲಿ" ಅಂದಳು.

ಬಳ್ಳಾರಿ ರೋಡ್ ದಾಟುವಾಗ ಇಳಿದು ತಳ್ತೀವಿ. ಜಕ್ಕೂರು ಕೆರೆಗೆ ಐದಾರು ಕಿಲೋಮೀಟರ್, ನಮಗೆ ಮುಕ್ಕಾಲು ಗಂಟೆ. ಸೈಕಲ್ ಗೇಟಿನ ಹತ್ತಿರ ನಿಲ್ಲಿಸಿ ಏರಿ ಮೇಲೆ ಕೂರ್ತೀವಿ. ಕೆಲವು ವಾರ ಅರ್ಧ ದಾರಿಗೇ ಎರಡು ಬೆಲ್ಲು ಬೀಳುತ್ತೆ. ಟೀ ಕುಡಿದು ವಾಪಸ್.

ಹೋದ ಎರಡು ವಾರ ಮುಷ್ಟಿ ಮುಚ್ಚಲಿಲ್ಲ, ಸೈಕಲ್ ಹೊರಗೆ ಬರಲಿಲ್ಲ. ಈ ಭಾನುವಾರ ಅವಳೇ ಮೊದಲು ಎದ್ದು ಟೈರಿನ ಗಾಳಿ ಒತ್ತಿ ನೋಡ್ತಿದ್ದಳು. "ಕೈ ಹೇಗಿದೆ?" ಅಂದೆ. "ನಡೀರಿ, ನಿಮ್ಮ ಕಾಲು ಹೇಗಿದೆ ನೋಡೋಣ" ಅಂದಳು.