ಸೆವಾನಿ ವಿಶ್ವವಿದ್ಯಾಲಯದ ಕ್ರೀಡಾಚರಿತ್ರೆ

ವಿದ್ಯಾಪೀಠಗಳ ಚರಿತ್ರೆಯನ್ನು ಬರೆಯುವವರು ದಾನಿಗಳನ್ನೂ ಆಚಾರ್ಯರನ್ನೂ ಗ್ರಂಥಗಳನ್ನೂ ಕುರಿತು ವಿಸ್ತರಿಸಿ, ವಿದ್ಯಾರ್ಥಿಗಳ ಆಟವನ್ನು ಒಂದೆರಡು ಮಾತುಗಳಲ್ಲಿ ಮುಗಿಸಿಬಿಡುವುದುಂಟು. ಆದರೆ ವಿದ್ಯೆಯ ಪ್ರಯೋಜನವೇನೆಂಬ ವಿಷಯದಲ್ಲಿ ವಿದ್ಯಾಪೀಠವೊಂದರ ಅಭಿಪ್ರಾಯವು ಅದರ ಪಾಠಪಟ್ಟಿಯಲ್ಲಿ ಕಾಣುವಂತೆಯೇ ಆಟದ ಬಯಲಿನಲ್ಲಿಯೂ ಕಾಣಬರುತ್ತದೆ. ಇದಕ್ಕೆ ನಿದರ್ಶನವಾಗಿ, ಅಮೆರಿಕದ ಟೆನೆಸ್ಸೀ ಸಂಸ್ಥಾನದಲ್ಲಿ ಸೆವಾನಿ ಎಂಬ ಊರಿನಲ್ಲಿರುವ 'ಯೂನಿವರ್ಸಿಟಿ ಆಫ್ ದಿ ಸೌತ್' ಎಂಬ ಸಣ್ಣ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡದ ವೃತ್ತಾಂತವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಎಪಿಸ್ಕೋಪಲ್ ಪಂಥದ ಕ್ರೈಸ್ತರು 1857ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಅನಂತರ ಒದಗಿದ ಅಂತರ್ಯುದ್ಧದಿಂದ ಕಾರ್ಯವು ಕೆಟ್ಟು, 1868ರಲ್ಲಿ ಒಂಬತ್ತೇ ವಿದ್ಯಾರ್ಥಿಗಳೊಡನೆ ಪಾಠಗಳು ಆರಂಭವಾದುವು. 1891ರಲ್ಲಿ ಇಲ್ಲಿ ಫುಟ್ಬಾಲ್ ಪಂದ್ಯಗಳು ಮೊದಲಾದುವು. ಈ ಆಟವು ನಾವು ಬಲ್ಲ ಕಾಲ್ಚೆಂಡಿಗಿಂತ ಭಿನ್ನವಾದುದು. ಪಕ್ಷಕ್ಕೆ ಹನ್ನೊಂದು ಮಂದಿಯಿದ್ದು, ನೀಳವಾದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಅವರ ಗಡಿಯನ್ನು ದಾಟುವುದೇ ಇದರ ತಿರುಳು. ದೇಹಕ್ಕೆ ಪೆಟ್ಟೂ ಆಯಾಸವೂ ಇದರಲ್ಲಿ ಅಧಿಕ.

ಈ ತಂಡದ ಕೀರ್ತಿಯೆಲ್ಲವೂ 1899ನೆಯ ಇಸವಿಯನ್ನು ಆಶ್ರಯಿಸಿದೆ. ಆ ವರ್ಷ ನೆರೆಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದೊಡನೆ ಪ್ರವೇಶದ ಹಣದ ಹಂಚಿಕೆಯಲ್ಲಿ ವಿವಾದವುಂಟಾಗಿ ಆ ಪಂದ್ಯವು ನಿಂತುಹೋಯಿತು. ನಷ್ಟವನ್ನು ತುಂಬಿಕೊಳ್ಳುವುದಕ್ಕಾಗಿ ತಂಡದ ವ್ಯವಸ್ಥಾಪಕನಾದ ಲೂಕ್ ಲೀ ಎಂಬ ವಿದ್ಯಾರ್ಥಿಯು ದೂರದ ಯಾತ್ರೆಯೊಂದನ್ನು ಏರ್ಪಡಿಸಿದನು. ಈತನೇ ಮುಂದೆ ಅಮೆರಿಕದ ಸೆನೆಟ್ ಸಭೆಯ ಸದಸ್ಯನಾದವನು. ತಂಡದವರು ರೈಲಿನಲ್ಲಿ ಸುಮಾರು 2500 ಮೈಲಿ ಸಂಚರಿಸಿದರು. ಕುಡಿಯುವುದಕ್ಕೆ ತಮ್ಮ ಊರಿನ ನೀರನ್ನೇ ಪೀಪಾಯಿಗಳಲ್ಲಿ ತುಂಬಿಕೊಂಡು ಹೋಗಿದ್ದರೆಂದು ಪ್ರತೀತಿಯುಂಟು.

ನವೆಂಬರ್ 9ರಂದು ಆಸ್ಟಿನ್ನಿನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯವನ್ನು 12–0 ರಿಂದಲೂ, ಮರುದಿನ ಹ್ಯೂಸ್ಟನ್ನಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಕಾಲೇಜನ್ನು 10–0 ರಿಂದಲೂ, 11ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನನ್ನು 23–0 ರಿಂದಲೂ ಜಯಿಸಿದರು. 12 ಭಾನುವಾರವಾದುದರಿಂದ ಆಟವಿರಲಿಲ್ಲ. 13ರಂದು ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನದವರನ್ನು 34–0 ರಿಂದಲೂ, 14ರಂದು ಮೆಂಫಿಸ್‌ನಲ್ಲಿ ಮಿಸಿಸಿಪ್ಪಿಯವರನ್ನು 12–0 ರಿಂದಲೂ ಸೋಲಿಸಿದರು. ಹೀಗೆ ಆರು ದಿನಗಳಲ್ಲಿ ಐದು ಜಯಗಳು ದೊರೆತುವು. ಎದುರಾಳಿಗಳಿಗೆ ಒಂದಂಕವೂ ಲಭಿಸಲಿಲ್ಲ. ಆ ವರ್ಷದ ಹನ್ನೆರಡು ಪಂದ್ಯಗಳನ್ನೂ ಸೆವಾನಿ ಗೆದ್ದಿತು. ಇವರು ಗಳಿಸಿದ ಅಂಕಗಳು 322, ಬಿಟ್ಟುಕೊಟ್ಟವು 10. ಆ ಹತ್ತನ್ನೂ ಪಡೆದುದು 11–10 ರಿಂದ ಸೋತ ಆಬರ್ನ್ ತಂಡವೊಂದೇ.

ಇನ್ನು ಉತ್ತರಕಥೆ. 1932ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ಕ್ರೀಡಾಮಂಡಲಿಯು ಹದಿಮೂರು ವಿದ್ಯಾಸಂಸ್ಥೆಗಳಿಂದ ಕೂಡಿ ಏರ್ಪಟ್ಟಾಗ ಸೆವಾನಿಯೂ ಅದರ ಸದಸ್ಯವಾಯಿತು. ಆದರೆ ಈ ವೇಳೆಗೆ ಸರ್ಕಾರಿ ವಿಶ್ವವಿದ್ಯಾಲಯಗಳು ಬಹಳ ಬೆಳೆದಿದ್ದುವು; ಆಟಗಾರರಿಗೆ ಆಟದ ಸಲುವಾಗಿಯೇ ವಿದ್ಯಾರ್ಥಿವೇತನವನ್ನು ಕೊಟ್ಟು ಕರೆತರುವ ಪದ್ಧತಿಯೂ ಬಲಿತಿದ್ದಿತು. ಆ ಮಂಡಲಿಯ 37 ಫುಟ್ಬಾಲ್ ಪಂದ್ಯಗಳನ್ನಾಡಿ ಸೆವಾನಿ ಮೂವತ್ತೇಳರಲ್ಲಿಯೂ ಸೋತಿತು. 1938ರಲ್ಲಿ ಉಪಕುಲಪತಿಯಾಗಿ ಬಂದ ಅಲೆಗ್ಸಾಂಡರ್ ಗೆರಿ ಎಂಬವರು ಕ್ರೀಡಾವೇತನವನ್ನು ನಿಲ್ಲಿಸಿದರು. 1940ರಲ್ಲಿ ವಿಶ್ವವಿದ್ಯಾಲಯವು ಆ ಮಂಡಲಿಯನ್ನೇ ಬಿಟ್ಟು ಹೊರಬಂದಿತು.

ಇಲ್ಲಿ ಒಂದು ಪೂರ್ವಪಕ್ಷವು ಸಹಜವಾಗಿಯೇ ಏಳುತ್ತದೆ. ಕೈಗೆಟುಕದ ದ್ರಾಕ್ಷಿ ಹುಳಿಯೆಂಬಂತೆ, ಸೋತವರು ಸೋಲಿಗೆ ತತ್ತ್ವದ ಹೊದಿಕೆ ಹಾಕಿದರೆಂದು ಏಕೆ ಹೇಳಬಾರದು? ಗೆದ್ದ ಕಾಲದಲ್ಲಿಯೂ ಹಣದ ಚಿಂತೆ ಇದ್ದೇ ಇದ್ದಿತಲ್ಲವೆ? 1899ರ ಯಾತ್ರೆಗೆ ಹಣವೇ ಪ್ರೇರಕವಾದುದರಿಂದ, ಹಿಂದಿನದು ಶುದ್ಧ, ಇಂದಿನದು ಮಲಿನ ಎಂಬ ವಿಭಾಗವು ನಿಲ್ಲಲಾರದೆಂಬುದನ್ನು ಒಪ್ಪಲೇಬೇಕು. ಸೋಲಿನ ಒತ್ತಡವನ್ನೂ ಅಲ್ಲಗಳೆಯುವಂತಿಲ್ಲ.

ಆದರೂ ಸಮಾಧಾನವುಂಟು. ಕೇವಲ ಸೋಲಿಗೆ ಬೇಸತ್ತವರು ಆಟವನ್ನೇ ಬಿಟ್ಟುಬಿಡಬಹುದಾಗಿದ್ದಿತು. ಚಿಕಾಗೋ ವಿಶ್ವವಿದ್ಯಾಲಯವು 1939ರಲ್ಲಿ ಹಾಗೆಯೇ ಫುಟ್ಬಾಲ್ ತಂಡವನ್ನು ವಿಸರ್ಜಿಸಿ, 1969ರವರೆಗೂ ಅದನ್ನು ಪುನಃ ಸ್ಥಾಪಿಸಲಿಲ್ಲ. ಸೆವಾನಿಯಾದರೋ ವೇತನವನ್ನು ಬಿಟ್ಟು ಆಟವನ್ನು ಉಳಿಸಿಕೊಂಡಿತು. ಈಗಲೂ ಅದರ ತಂಡಗಳು ಕ್ರೀಡಾವೇತನಕ್ಕೆ ಎಡೆಯಿಲ್ಲದ ಮೂರನೆಯ ವರ್ಗದಲ್ಲಿಯೇ ಆಡುತ್ತಿವೆ. ಆಟವು ವಿನೋದವಾಗಿರುವವರೆಗೆ ವಿದ್ಯೆಗೆ ಅಂಗ. ವೃತ್ತಿಯಾದೊಡನೆ ತಾನೇ ಅಂಗಿಯಾಗಿ, ವಿದ್ಯೆಯನ್ನು ಅಂಗವಾಗಿ ಮಾಡಿಕೊಳ್ಳುತ್ತದೆ. ಈ ವಿಪರ್ಯಾಸವನ್ನು ಗುರುತಿಸಿ ತಡೆದುದೇ 1940ರ ನಿರ್ಣಯದ ಮಹತ್ತ್ವ.

ಜನರ ನೆನಪು ಆ ಆರು ದಿನಗಳನ್ನು ಕೊಂಡಾಡುತ್ತಿರುವುದು ಯುಕ್ತವೇ. ಆದರೆ ಚರಿತ್ರಕಾರನು ಆ ಐದು ಜಯಗಳ ಪಕ್ಕದಲ್ಲಿಯೇ ಮೂವತ್ತೇಳು ಸೋಲುಗಳನ್ನೂ, ಅವುಗಳಿಂದ ಕಲಿತ ವಿವೇಕವನ್ನೂ ಬರೆದಿಡತಕ್ಕದ್ದು.