ಜಿ.ಕೆ. ವೆಂಕಟೇಶ್ ವಾದ್ಯವೃಂದದ ಗಿಟಾರ್ ವಾದಕ: ಇಳಯರಾಜರ ಕನ್ನಡ ಪರ್ವ ಮತ್ತು ಅಭಿಮಾನಿಗಳ ಪ್ರಶ್ನೆಗಳು

ಹೊಸದುರ್ಗ ತಾಲ್ಲೂಕಿನ ಬಾಗೂರು ಚೆನ್ನಕೇಶವನ ಗುಡಿಯಿಂದ ಹೆಸರಾದ ಊರು. ಬಾಗೂರಿನಂಥ ಊರುಗಳಿಗೆ ಚಿತ್ರಗೀತೆ ಬಂದದ್ದು ಆಕಾಶವಾಣಿಯ ಮೂಲಕ, ಆಮೇಲೆ ಕ್ಯಾಸೆಟ್ಟಿನ ಮೂಲಕ, ಜಾತ್ರೆ ಮತ್ತು ಗಣೇಶೋತ್ಸವದ ರಸಮಂಜರಿಗಳ ಮೂಲಕ. ರಸಮಂಜರಿಯಲ್ಲಿ ಗಿಟಾರ್ ಹಿಡಿದವನಿಗೆ ‘ಗೀತಾ’ ಮತ್ತು ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಹಾಡುಗಳು ಬರಲೇಬೇಕು. ಈ ಹಾಡುಗಳಿಗೆ ರಾಗ ಸಂಯೋಜಿಸಿದ ಇಳಯರಾಜರ ಬಗ್ಗೆ ಅಭಿಮಾನಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಅವೇ. ಅವರು ಕನ್ನಡಕ್ಕೆ ಯಾವಾಗ ಬಂದರು? ಗಿಟಾರನ್ನು ಎಲ್ಲಿ ಕಲಿತರು? ಈ ಹಾಡುಗಳಲ್ಲಿ ಗಿಟಾರ್ ನುಡಿಸಿದವರು ಅವರೇ ಏನು? ನಮ್ಮ ಟ್ಯೂನು ಬೇರೆ ಭಾಷೆಗೆ ಹೋಯಿತೋ, ಅಲ್ಲಿಂದ ಇಲ್ಲಿಗೆ ಬಂತೋ? ವಿದ್ವತ್ತು ಇವನ್ನು ಹಗುರವಾಗಿ ಕಾಣುತ್ತ ಬಂದಿದೆ. ಕನ್ನಡ ಚಿತ್ರಸಂಗೀತದ ಚರಿತ್ರೆಯಲ್ಲಿ ಬರೆಯದೇ ಉಳಿದ ಒಂದು ಅಧ್ಯಾಯಕ್ಕೆ ಇವೇ ಪ್ರಶ್ನೆಗಳು ದಾರಿ ತೋರಿಸುತ್ತವೆ ಎಂಬುದು ನನ್ನ ವಾದ.

ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ 1978, ‘ಮಾತು ತಪ್ಪದ ಮಗ’. ಸಂಗೀತ ನಿರ್ದೇಶಕರೆಂದು ಅವರ ಹೆಸರು ಕನ್ನಡ ತೆರೆಯ ಮೇಲೆ ಮೂಡಿದ್ದು ಆಗಲೇ. ಅವರ ದುಡಿಮೆ ಶುರುವಾದದ್ದು ಮಾತ್ರ ಅದಕ್ಕಿಂತ ಬಹಳ ಮುಂಚೆ.

1943ರಲ್ಲಿ ತಮಿಳುನಾಡಿನ ಪಣ್ಣೈಪುರದಲ್ಲಿ ಹುಟ್ಟಿದ ಇಳಯರಾಜ ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಂದಿಗೆ ಊರೂರು ತಿರುಗಿ ಹಾಡಿ, ನುಡಿಸಿ ಬೆಳೆದವರು. 1968ರಲ್ಲಿ ಮದರಾಸಿಗೆ ಬಂದು ಧನರಾಜ್ ಮಾಸ್ತರರ ಬಳಿ ಪಾಶ್ಚಾತ್ಯ ಸಂಗೀತದ ಬರಹ, ಸ್ವರಮೇಳದ ನಿಯಮಗಳನ್ನು ಕಲಿತರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಯಲ್ಲಿ ಕ್ಲಾಸಿಕಲ್ ಗಿಟಾರಿಗೆ ಚಿನ್ನದ ಪದಕ ಪಡೆದರು. ಅಂದರೆ ಕಿವಿಯ ಪಾಠ ಮೊದಲು, ಕಾಗದದ ಪಾಠ ಅನಂತರ. ಅವರ ಸಂಗೀತದಲ್ಲಿ ಜನಪದ ಮಟ್ಟು ಮತ್ತು ಪಾಶ್ಚಾತ್ಯ ಬಂಧ ಜಗಳವಾಡದೆ ಕೂತಿರುವುದಕ್ಕೆ ಈ ಕ್ರಮವೇ ಮುಖ್ಯ ಕಾರಣವೆಂದು ತೋರುತ್ತದೆ.

ಹೊಟ್ಟೆಪಾಡಿಗಾಗಿ ಅವರು ಸಲೀಲ್ ಚೌಧುರಿ ಮೊದಲಾದವರ ರೆಕಾರ್ಡಿಂಗ್‌ಗಳಲ್ಲಿ ಗಿಟಾರ್ ಮತ್ತು ಕೀಬೋರ್ಡ್ ನುಡಿಸಿದರು. ನಿರ್ಣಾಯಕವಾದದ್ದು ಮಾತ್ರ ಜಿ.ಕೆ. ವೆಂಕಟೇಶ್ ಅವರ ಸಹಾಯಕನ ಸ್ಥಾನ. ‘ಕಸ್ತೂರಿ ನಿವಾಸ’, ‘ಸಂಪತ್ತಿಗೆ ಸವಾಲ್’ ಚಿತ್ರಗಳಿಗೆ ಸಂಗೀತ ಕೊಟ್ಟ ವೆಂಕಟೇಶ್ ಆಗ ಕನ್ನಡದಲ್ಲಿ ಬಿಡುವಿಲ್ಲದೆ ದುಡಿಯುತ್ತಿದ್ದರು. ಅವರೊಡನೆ ಇಳಯರಾಜ ಕೆಲಸ ಮಾಡಿದ ಚಿತ್ರಗಳು ಸುಮಾರು 200, ಹೆಚ್ಚಿನವು ಕನ್ನಡದವು. ಕೆಲಸದ ಸ್ವರೂಪವನ್ನು ಗಮನಿಸಬೇಕು. ವೆಂಕಟೇಶ್ ರಾಗದ ಹಂದರ ಹಾಕಿಕೊಡುತ್ತಿದ್ದರು. ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಅದನ್ನು ವಿಸ್ತರಿಸಿ ಬರೆಯುವುದು ಸಹಾಯಕನ ಪಾಲಿಗಿತ್ತು. ವಿರಾಮದ ವೇಳೆ ಇಳಯರಾಜ ವಾದ್ಯವೃಂದದ ವಾದಕರನ್ನೇ ಒಪ್ಪಿಸಿ, ತಾನು ಬರೆದ ತುಣುಕುಗಳನ್ನು ನುಡಿಸಿಸಿ ಕೇಳುತ್ತಿದ್ದರು. ಬರೆದದ್ದನ್ನು ಕೂಡಲೇ ಪೂರ್ಣ ವಾದ್ಯವೃಂದದಲ್ಲಿ ಕೇಳುವ ಅವಕಾಶ ಯಾವ ಸಂಗೀತ ಶಾಲೆಯಲ್ಲೂ ಸುಲಭವಾಗಿ ಸಿಗದು. ಅದು ಅವರಿಗೆ ಸಿಕ್ಕಿದ್ದು ಕನ್ನಡ ಸಿನಿಮಾದ ಖರ್ಚಿನಲ್ಲಿ. ಮುಂದೆ ‘ಮಾಲ್ಗುಡಿ ಡೇಸ್’ ಸಂಗೀತದಿಂದ ಮನೆಮಾತಾದ ಎಲ್. ವೈದ್ಯನಾಥನ್ ಕೂಡ ವೆಂಕಟೇಶ್ ಅವರ ಸಹಾಯಕರಾಗಿದ್ದವರೇ. ವೆಂಕಟೇಶ್ ಅವರನ್ನು ರಾಜ್‌ಕುಮಾರ್ ಹಾಡುಗಳ ಸಂಯೋಜಕರೆಂದಷ್ಟೇ ನೆನೆಯುವ ನಾವು, ಗುರುವಾಗಿ ಅವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಲ್ಲ.

ಹಾಗಾದರೆ ಆ ಕಾಲದ ಯಾವ ಹಾಡಿನ ಗಿಟಾರ್ ಇಳಯರಾಜರದು? ಅಭಿಮಾನಿಗಳು ಪಟ್ಟಿ ಮಾಡಲು ತವಕಿಸುವುದು ಇಲ್ಲಿಯೇ. ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚಾಗುತ್ತಿದ್ದದ್ದು ಚಿತ್ರ, ಗಾಯಕರು, ಸಾಹಿತಿ, ಸಂಗೀತ ನಿರ್ದೇಶಕರ ಹೆಸರು. ವಾದಕನಿಗೆ ಅಲ್ಲಿ ಜಾಗವಿರಲಿಲ್ಲ. ಶೈಲಿ ಕೇಳಿ ‘ಇದು ಅವರದೇ’ ಎನ್ನುವುದು ಪುರಾವೆಯಲ್ಲ. ಈ ಎಚ್ಚರ ನಂತರದ ಹಾಡುಗಳಿಗೂ ಬೇಕು. 1982ರ ತಮಿಳು ಚಿತ್ರ ‘ಪಯಣಂಗಳ್ ಮುಡಿವದಿಲ್ಲೈ’ಯಲ್ಲಿ ಬರುವ ‘ಇಳೈಯ ನಿಲಾ’ದ ಹೆಸರಾಂತ ಗಿಟಾರನ್ನು ನುಡಿಸಿದವರು ಆರ್. ಚಂದ್ರಶೇಖರ್. ಬರೆದವರು ಇಳಯರಾಜ, ಬೆರಳು ಇನ್ನೊಬ್ಬರದು. ಗಿಟಾರ್ ಬಲ್ಲವನ ಕೈ ಅವರ ಸಂಯೋಜನೆಯಲ್ಲಿ ಕಾಣುವುದು ಬೇರೆ ಬಗೆಯಲ್ಲಿ. ಆರು ತಂತಿಗಳಲ್ಲಿ ಕೆಳಸ್ವರವೂ ಮೇಲಿನ ರಾಗವೂ ಒಟ್ಟಿಗೆ ನಡೆಯುತ್ತವೆ. ಆ ಅಭ್ಯಾಸವಿದ್ದವನು ಹಾಡನ್ನು ಒಂದೇ ಎಳೆಯಾಗಿ ಯೋಚಿಸುವುದಿಲ್ಲ. ಅವರ ಹಾಡುಗಳಲ್ಲಿ ಬೇಸ್ ಗಿಟಾರಿನ ಸಾಲನ್ನಷ್ಟೇ ಬೇರೆಯಾಗಿ ಕೇಳಿದರೂ ಒಂದು ರಾಗಸಂಚಾರ ಸಿಗುತ್ತದೆ.

1976ರ ‘ಅನ್ನಕ್ಕಿಳಿ’ಯಿಂದ ತಮಿಳಿನಲ್ಲಿ ಸ್ವತಂತ್ರರಾದ ಮೇಲೆ ಕನ್ನಡಕ್ಕೆ ಅವರು ಮಾಡಿದ ಚಿತ್ರಗಳು ಗೊತ್ತಿರುವಂಥವೇ: ‘ಜನ್ಮ ಜನ್ಮದ ಅನುಬಂಧ’ (1980), ‘ಗೀತಾ’ ಮತ್ತು ‘ನೀ ನನ್ನ ಗೆಲ್ಲಲಾರೆ’ (1981), ‘ಪಲ್ಲವಿ ಅನುಪಲ್ಲವಿ’ (1983), ‘ಆಕ್ಸಿಡೆಂಟ್’ (1985), ‘ನಮ್ಮೂರ ಮಂದಾರ ಹೂವೇ’ (1996). ಶಂಕರ್‌ನಾಗ್ ಜೊತೆಗಿನ ಚಿತ್ರಗಳು ಇವುಗಳ ಶಿಖರ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕೊನೆಯ ಪ್ರಶ್ನೆ ಟ್ಯೂನುಗಳದು. ‘ಗೀತಾ’ದ ‘ಜೊತೆಯಲಿ’ 1981ರದು. ಅದೇ ಮಟ್ಟು 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ, 2007ರಲ್ಲಿ ಹಿಂದಿಯ ‘ಚೀನಿ ಕಮ್’ ಚಿತ್ರಕ್ಕೆ ಹೋಯಿತು. ಮಣಿರತ್ನಂ ಅವರ ಮೊದಲ ಚಿತ್ರವಾದ ‘ಪಲ್ಲವಿ ಅನುಪಲ್ಲವಿ’ಯ ಹಿನ್ನೆಲೆ ನಾದ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಾಗಿ ದೇಶವೆಲ್ಲ ಕೇಳಿತು. ಸಂಯೋಜಕ ತನ್ನದನ್ನೇ ಮತ್ತೆ ಬಳಸಿದರೆ ಅದು ಕಳವಲ್ಲ. ಆದರೆ ಹೊಸ ರೂಪಗಳನ್ನು ಕೇಳುವ ಬಹುಮಂದಿಗೆ ಅವುಗಳ ಮೊದಲ ಮನೆ ಕನ್ನಡವೆಂಬುದು ತಿಳಿದಿಲ್ಲ. ಅದನ್ನು ವರ್ಷ ಸಮೇತ ದಾಖಲಿಸುವುದು ಭಾಷಾಭಿಮಾನದ ಮಾತಲ್ಲ, ಚರಿತ್ರೆಯ ಶಿಸ್ತು.

1970ರ ದಶಕದ ಕನ್ನಡ ರೆಕಾರ್ಡಿಂಗ್‌ಗಳಲ್ಲಿ ನುಡಿಸಿದ ಹಿರಿಯ ವಾದಕರ ಮಾತು, ಅವರಲ್ಲಿ ಉಳಿದಿರಬಹುದಾದ ಸ್ವರಲಿಪಿಯ ಹಾಳೆಗಳನ್ನು ಸಂಗ್ರಹಿಸುವ ಕೆಲಸವನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿ ಕೈಗೆತ್ತಿಕೊಳ್ಳಬೇಕು, ಅದೂ ಜಿ.ಕೆ. ವೆಂಕಟೇಶ್ ಅವರ ಚಿತ್ರಗಳಿಂದಲೇ ಆರಂಭಿಸಿ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಮನೆಗಳ ಅಟ್ಟದಲ್ಲಿ ಹಳೆಯ ತಟ್ಟೆಗಳು, ಚಿತ್ರಗೀತೆಗಳ ಪದ್ಯಾವಳಿ ಪುಸ್ತಕಗಳು ಇದ್ದರೆ ದಯವಿಟ್ಟು ಅವನ್ನು ಗುಜರಿಗೆ ಹಾಕಬೇಡಿ.