ಬರೆದವರೇ ಬಣ್ಣ ಹಚ್ಚಿದರು

ನಾಟಕವನ್ನು ಬರೆಯುವವರು ಒಬ್ಬರು, ಆಡಿಸುವವರು ಇನ್ನೊಬ್ಬರು, ಆಡುವವರು ಮತ್ತೊಬ್ಬರು ಎಂಬ ವಿಂಗಡಣೆ ಇಂದು ನಮಗೆ ಸಹಜವಾಗಿ ತೋರುತ್ತದೆ. ಮೂರನ್ನೂ ಒಬ್ಬರೇ ಮಾಡಿದರೆ ಅದನ್ನೊಂದು ವಿಶೇಷವೆಂದು ಎಣಿಸಿ, ಚಾರ್ಲಿ ಚಾಪ್ಲಿನ್ ಮೊದಲಾದ ಪರದೇಶದ ಕಲಾವಿದರ ಹೆಸರನ್ನು ಹೇಳುತ್ತೇವೆ. ಆದರೆ ಈ ಮೂರು ಕೆಲಸಗಳೂ ಮೊದಲಿಗೆ ಒಂದೇ ಮನೆಯ ಮಕ್ಕಳು. ಷೇಕ್ಸ್‌ಪಿಯರ್ ನಟನಾಗಿದ್ದವನು, ಫ್ರಾನ್ಸಿನ ಮೋಲಿಯೇರ್ ತನ್ನ ನಾಟಕಗಳಲ್ಲಿ ತಾನೇ ಪಾತ್ರ ವಹಿಸಿ ತಂಡವನ್ನೂ ನಡೆಸಿದವನು. ನಮ್ಮ ಕನ್ನಡ ನಾಡಿನಲ್ಲಿಯೂ ಈ ಪರಂಪರೆ ಹೊರಗಿನಿಂದ ಬಂದುದಲ್ಲ. ಅದು ಕಂಪನಿ ನಾಟಕಗಳ ಅಗತ್ಯದಿಂದಲೇ ಹುಟ್ಟಿ ಬೆಳೆಯಿತು.

ಕಂಪನಿಯೆಂದರೆ ಊರಿಂದೂರಿಗೆ ಸಾಗುವ ಒಂದು ದೊಡ್ಡ ಸಂಸಾರ. ಪರದೆಗಳು, ಪೆಟ್ಟಿಗೆಗಳು, ಹಾರ್ಮೋನಿಯಂ, ತಬಲ, ಅಡಿಗೆಯ ಪಾತ್ರೆಗಳು, ಇವುಗಳೊಡನೆ ಹತ್ತಾರು ಮಂದಿಯ ಊಟದ ಭಾರ. ಒಂದು ಊರಿನಲ್ಲಿ ಹಳೆಯ ನಾಟಕಕ್ಕೆ ಜನ ಬರುವುದು ಕಡಿಮೆಯಾಯಿತೆಂದರೆ ಹೊಸ ನಾಟಕ ಬೇಕು. ಅದೂ ಬೇಗನೆ ಬೇಕು. ಯಾವ ನಟನ ಕಂಠ ಎಷ್ಟು ಏರುತ್ತದೆ, ಯಾರಿಗೆ ಹಾಸ್ಯ ಒಗ್ಗುತ್ತದೆ, ವೇಷ ಬದಲಿಸಿಕೊಳ್ಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅರಿತವನು ಮಾತ್ರ ಅಂಥ ನಾಟಕವನ್ನು ಬರೆಯಬಲ್ಲ. ಹೊರಗೆ ಕುಳಿತ ಪಂಡಿತನಿಗಿಂತ ಒಳಗಿದ್ದ ನಟನಿಗೆ ಇದು ಸುಲಭ. ಬರೆದವನೇ ತಾಲೀಮು ಮಾಡಿಸಿದರೆ ಇನ್ನೂ ಒಳಿತು. ಹೀಗೆ ನಟನೇ ಕವಿಯಾದ, ಕವಿಯೇ ನಿರ್ದೇಶಕನಾದ.

ಈ ಸಂಸಾರಗಳನ್ನು ಸಾಕಿದವರು ಪ್ರೇಕ್ಷಕರು. ಮಂಡ್ಯದ ಸೀಮೆಯವರಿಗಿರುವ ನಾಟಕದ ಹುಚ್ಚು ನಾಡಿಗೇ ಗೊತ್ತು. ಮದ್ದೂರು, ಮಂಡ್ಯಗಳು ಬೆಂಗಳೂರು–ಮೈಸೂರು ರೈಲುದಾರಿಯಲ್ಲಿಯೇ ಇವೆ. ಮಳವಳ್ಳಿಗೆ ಮದ್ದೂರಿನಿಂದ ರಸ್ತೆ ಹಿಡಿದು ಹೋಗಬೇಕು. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂದಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. ರಾಗಿಯ ಹೊಲಗಳ ನಡುವೆ ಕಬ್ಬು ಬೆಳೆಯಿತು, ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಇನ್ನು ಬೆಳಕಿನ ಮಾತು. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಗಿ, 1905ರಲ್ಲಿ ಬೆಂಗಳೂರನ್ನು ಬೆಳಗಿತು. ನಗರದ ನಾಟಕಶಾಲೆಗಳ ದೀಪಗಳಲ್ಲಿ ಮಳವಳ್ಳಿಯ ಕಾವೇರಿಯ ಪಾಲೂ ಇದ್ದಿತೆಂದರೆ ತಪ್ಪಲ್ಲ. ಆ ಊರಿನ ಹೆಸರನ್ನು ರಂಗಭೂಮಿಯಲ್ಲಿ ಮೆರೆಸಿದವರು ವೃತ್ತಿರಂಗದ ಹೆಸರಾಂತ ನಟಿ ಮಳವಳ್ಳಿ ಸುಂದರಮ್ಮನವರು.

ಇಂಥ ಪ್ರೇಕ್ಷಕರನ್ನು ನಂಬಿದ ಕಂಪನಿಗಳಲ್ಲಿ ಮಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯೂ ಒಂದು. 1937ರಲ್ಲಿ, ಇನ್ನೂ ಕಿರಿಯ ವಯಸ್ಸಿನಲ್ಲಿಯೇ ಪೀರ್ ಅವರು ತೀರಿಕೊಂಡರು. ಆದರೆ ‘ಷಹಜಹಾನ್’, ‘ಗೌತಮ ಬುದ್ಧ’ ನಾಟಕಗಳಿಂದ ಅವರ ಹೆಸರು ಉಳಿಯಿತು. ಆ ಮಂಡಳಿಯಲ್ಲಿ ನಟರಾಗಿದ್ದವರು ಎಚ್. ಎಲ್. ಎನ್. ಸಿಂಹ. ಅವರು ಬರೆದ ‘ಸಂಸಾರ ನೌಕ’ ಪುರಾಣದ ಕಿರೀಟವನ್ನು ಕೆಳಗಿಳಿಸಿ ಮನೆಯ ಒಳಗಿನ ಕಥೆಯನ್ನು ರಂಗದ ಮೇಲೆ ತಂದಿತು. ಹಿರಿಯರ ಮನಸ್ಸಿಗೆ ವಿರೋಧವಾಗಿ ಮದುವೆಯಾದ ಯುವಕನೊಬ್ಬ ಮನೆಯನ್ನು ಬಿಟ್ಟು ಪಡುವ ಪಾಡು ಅದರ ವಸ್ತು. ದೇವೇಂದ್ರನ ಸಭೆಯಲ್ಲಿ ನಟನು ಎಷ್ಟು ಗಟ್ಟಿಯಾಗಿ ಕೂಗಿದರೂ ಒಪ್ಪುತ್ತದೆ. ಹಜಾರದಲ್ಲಿ ಗಂಡಹೆಂಡಿರು ಆಡುವ ಮಾತಿಗೆ ಬೇರೊಂದು ಸ್ವರ ಬೇಕು. ಆ ಸ್ವರವನ್ನು ಬರೆಯಬಲ್ಲವನು, ನುಡಿಯಬಲ್ಲವನು, ಇತರರಿಗೆ ಕಲಿಸಬಲ್ಲವನು ಒಬ್ಬನೇ ಆಗಿದ್ದುದು ನಾಟಕದ ಭಾಗ್ಯ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂದಿತು. ಅದನ್ನು ನಿರ್ದೇಶಿಸಿದ ವೈ. ವಿ. ರಾವ್ ಅವರೂ ಅದರಲ್ಲಿ ಪಾತ್ರ ವಹಿಸಿದ್ದರು. ಎರಡೇ ವರ್ಷಗಳ ತರುವಾಯ, 1936ರಲ್ಲಿ, ಸಿಂಹರು ತಮ್ಮ ‘ಸಂಸಾರ ನೌಕ’ವನ್ನು ಮದರಾಸಿನಲ್ಲಿ ಚಿತ್ರವಾಗಿಸಿದರು. ಚಂದ್ರಕಲಾ ಮಂಡಳಿಯಿಂದಲೇ ಬಂದ ಬಿ. ಆರ್. ಪಂತುಲು ಅವರೂ ಎಂ. ವಿ. ರಾಜಮ್ಮನವರೂ ಅದರಲ್ಲಿ ನಟಿಸಿದರು. ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂಬ ಹೆಸರು ಅದಕ್ಕಿದೆ.

ಸಿಂಹರ ಹೆಸರನ್ನು ಇಂದು ನೆನೆಯುವವರು ಮೊದಲು ಹೇಳುವುದು 1954ರ ‘ಬೇಡರ ಕಣ್ಣಪ್ಪ’ವನ್ನು. ಗುಬ್ಬಿ ಕಂಪನಿಯ ಬಳಗವೂ ಮದರಾಸಿನ ಎ.ವಿ.ಎಂ. ಸ್ಟುಡಿಯೋವೂ ಕೂಡಿ ನಿರ್ಮಿಸಿದ ಈ ಚಿತ್ರದಲ್ಲಿ ಮುತ್ತುರಾಜ್ ಎಂಬ ರಂಗನಟ ರಾಜ್‌ಕುಮಾರ್ ಆಗಿ ನಾಯಕನಾದರು. ನರಸಿಂಹರಾಜು, ಜಿ. ವಿ. ಅಯ್ಯರ್ ಅವರಿಗೂ ಅದು ದೊಡ್ಡ ಬಾಗಿಲನ್ನು ತೆರೆಯಿತು. ರಾಷ್ಟ್ರಪ್ರಶಸ್ತಿಗಳಲ್ಲಿ ಅದಕ್ಕೆ ಅರ್ಹತಾ ಪತ್ರ ದೊರೆಯಿತು. ಅದೇ ಕಥೆಯನ್ನು ಸಿಂಹರು ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಎಂದೂ 1955ರಲ್ಲಿ ಹಿಂದಿಯಲ್ಲಿ ‘ಶಿವ ಭಕ್ತ’ ಎಂದೂ ನಿರ್ದೇಶಿಸಿದರು. 1959ರ ‘ಅಬ್ಬಾ ಆ ಹುಡುಗಿ’ಯಲ್ಲಿ ಷೇಕ್ಸ್‌ಪಿಯರನ ಬಜಾರಿ ಹೆಣ್ಣು ಕನ್ನಡದ ಮನೆಯಲ್ಲಿ ಕನ್ನಡತಿಯಾಗಿಯೇ ಜಗಳವಾಡಿದಳು. 1962ರಲ್ಲಿ ‘ತೇಜಸ್ವಿನಿ’, 1971ರಲ್ಲಿ ‘ಅನುಗ್ರಹ’. ಮರುವರ್ಷ, 1972ರಲ್ಲಿ, ಸಿಂಹರು ನಿಧನರಾದರು.

ಅವರೊಡನೆ ದುಡಿದವರೂ ಇದೇ ಹಾದಿಯಲ್ಲಿ ನಡೆದರು. ನಟ ಪಂತುಲು ನಿರ್ದೇಶಕರಾಗಿ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ಕೊಟ್ಟರು. ನಟ ಅಯ್ಯರ್ ಬರಹಗಾರರಾಗಿ, ನಿರ್ದೇಶಕರಾಗಿ ‘ಹಂಸಗೀತೆ’ಯವರೆಗೂ, 1983ರ ಸಂಸ್ಕೃತ ಚಿತ್ರ ‘ಆದಿ ಶಂಕರಾಚಾರ್ಯ’ದವರೆಗೂ ಸಾಗಿದರು. ರಂಗಭೂಮಿಯಿಂದ ಬಂದ ಹುಣಸೂರು ಕೃಷ್ಣಮೂರ್ತಿಯವರು ಹಾಡು, ಮಾತು, ನಿರ್ದೇಶನಗಳಲ್ಲಿ ಒಂದೇ ಸಮನಾಗಿ ಪಳಗಿದ್ದರು. ಇವರಿಗೆ ಚಿತ್ರಕಲೆಯನ್ನು ಕಲಿಸಿದ ಶಾಲೆ ಯಾವುದೆಂದರೆ, ಊರೂರು ಅಲೆದ ಆ ಕಂಪನಿಗಳೇ.

ಇಲ್ಲಿ ಒಂದು ಯೋಚಿಸಬೇಕಾದ ಸಂಗತಿ ಇದೆ. ಜನ ನೆನಪಿನಲ್ಲಿಟ್ಟುಕೊಳ್ಳುವುದು ಮುಖವನ್ನು. ಸಿಂಹರು ಕಣ್ಮರೆಯಾದ 1972ರಲ್ಲಿಯೇ ‘ನಾಗರಹಾವು’ ಚಿತ್ರದಿಂದ ಮದ್ದೂರು ತಾಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಬೆಳಕಿಗೆ ಬಂದರು. ಮಂಡ್ಯದ ಜನ ಅವರನ್ನು ಮನೆಯ ಮಗನೆಂದು ಪ್ರೀತಿಸಿ ಲೋಕಸಭೆಗೂ ಕಳುಹಿಸಿದರು. ಆ ಪ್ರೀತಿ ನಟನಿಗೆ ಸಲ್ಲತಕ್ಕದ್ದೇ. ಆದರೆ ಬರೆದವರ, ತಿದ್ದಿದವರ ಹೆಸರು ಎಲ್ಲಿ ಹೋಗುತ್ತದೆ? ರಾಜ್‌ಕುಮಾರರನ್ನು ತಂದವರೆಂದು ಸಿಂಹರನ್ನು ಹೊಗಳುವ ನಾವು, ಸ್ವತಃ ಅವರು ನಟರೂ ನಾಟಕಕಾರರೂ ಆಗಿದ್ದುದನ್ನು ಬಹುಮಟ್ಟಿಗೆ ಮರೆತಿದ್ದೇವೆ.

ಈ ಮರೆವು ಸಿನಿಮಾಕ್ಕೆ ಮಾತ್ರ ಸೇರಿದುದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಸುಗ್ಗಿ ಕಳೆದ ಮೇಲೆ ‘ಕುರುಕ್ಷೇತ್ರ’ ನಾಟಕಕ್ಕೆ ತಾಲೀಮು ನಡೆಯುವುದನ್ನು ಇಂದಿಗೂ ಕಾಣಬಹುದು. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ದುರ್ಯೋಧನ, ಭೀಮ, ಕರ್ಣರಾಗುತ್ತಾರೆ. ಪಾರ್ಟಿಗೆ ಇಷ್ಟೆಂದು ತಾವೇ ಹಣ ಹಾಕುತ್ತಾರೆ. ಸೀನರಿಯನ್ನೂ ಉಡುಪನ್ನೂ ಪಟ್ಟಣದಿಂದ ಬಾಡಿಗೆಗೆ ತರುತ್ತಾರೆ. ನಡುವೆ ಹಾರ್ಮೋನಿಯಂ ಹಿಡಿದು ಕುಳಿತವರು ಮೇಷ್ಟ್ರು. ಶ್ರುತಿ ಹಿಡಿಸುವವರು ಅವರು, ಕಂದಪದ್ಯವನ್ನು ಬಾಯಿಪಾಠ ಮಾಡಿಸುವವರು ಅವರು, ನಾಲಗೆ ತೊಡರುವವನಿಗೆ ಮಾತನ್ನು ಮೊಟಕುಮಾಡಿ ಬರೆದುಕೊಡುವವರು ಅವರು. ಪಾತ್ರಧಾರಿ ಬಾರದಿದ್ದರೆ ತಾವೇ ಬಣ್ಣ ಹಚ್ಚಲೂ ಸಿದ್ಧರು. ಸಿಂಹರು ಕಂಪನಿಯಲ್ಲಿ ಮಾಡಿದ ಕೆಲಸದ ಹಳ್ಳಿಯ ರೂಪವೇ ಇದು.

ಈ ಜಿಲ್ಲೆಯಲ್ಲಿ ದೊಡ್ಡವರೂ ರಂಗವನ್ನು ಕೀಳೆಂದು ಕಾಣಲಿಲ್ಲ. 1962ರಲ್ಲಿ ಜನತಾ ಶಿಕ್ಷಣ ಟ್ರಸ್ಟನ್ನು ಕಟ್ಟಿದ ಕೆ. ವಿ. ಶಂಕರಗೌಡರು ರಾಜಕಾರಣದ ನಡುವೆಯೂ ನಾಟಕವನ್ನು ಬಿಡದೆ, ತಾವೇ ವೇಷ ಕಟ್ಟಿದವರು. ಆದರೆ ಮೇಷ್ಟರ ಪಾಡು ಬೇರೆ. ನಾಟಕದ ಕರಪತ್ರದಲ್ಲಿ ಪಾತ್ರಧಾರಿಗಳ ಭಾವಚಿತ್ರಗಳು ಸಾಲಾಗಿ ಇರುತ್ತವೆ. ಮೇಷ್ಟರ ಹೆಸರು ಒಂದು ಸಾಲು. ಅವರು ಕೈಯಿಂದ ಬರೆದ ಪುಸ್ತಕ ಅವರ ಪೆಟ್ಟಿಗೆಯಲ್ಲಿಯೇ ಉಳಿದು, ಅವರೊಡನೆ ಮುಗಿಯುತ್ತದೆ. ಆ ಪುಸ್ತಕದ ಅಂಚಿನಲ್ಲಿ ಯಾವ ಊರಿನ ಯಾವ ಕಂಠಕ್ಕೆ ಯಾವ ರಾಗವನ್ನು ಒಗ್ಗಿಸಿದರೆಂಬುದೂ ಇರಬಹುದು. ಅಚ್ಚಾದ ನಾಟಕದಲ್ಲಿ ಅದು ಸಿಗುವುದಿಲ್ಲ.

ಆದುದರಿಂದ ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಪ್ರತಿಯೊಂದು ಊರಿನಲ್ಲಿ ಓದು ಬಲ್ಲ ಯುವಕರು ತಮ್ಮ ಊರಿಗೆ ನಾಟಕ ಕಲಿಸಿದ ಮೇಷ್ಟರ ಹೆಸರು, ಆಡಿಸಿದ ನಾಟಕಗಳು, ವರ್ಷ, ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಅವರು ಹಾಡುವುದನ್ನು ಧ್ವನಿಮುದ್ರಿಸಿ ಇಡಲಿ. ಕನ್ನಡದ ನಟನೆಯ ಚರಿತ್ರೆಯನ್ನು ಮುಂದೆ ಬರೆಯುವವರು ಮದರಾಸಿನ ಸ್ಟುಡಿಯೋಗಳ ಲೆಕ್ಕದೊಡನೆ ಈ ನೋಟುಪುಸ್ತಕಗಳನ್ನೂ ಬಿಚ್ಚಬೇಕಾದೀತು.